ನೋಯದ ಗಂಟು, ನಿಲ್ಲದ ಬೆಳವಣಿಗೆ: ಮರ್ಕೆಲ್ ಸೆಲ್ ಕಾರ್ಸಿನೋಮಾ

ಕೆನ್ನೆಯ ಮೇಲೊಂದು ಗಂಟು. ಕಡಲೆಕಾಳಿನಷ್ಟು ಗಾತ್ರ. ಬಣ್ಣ ಕೆಂಪು, ಇಲ್ಲವೇ ಕೆಂಪಿಗೆ ತುಸು ನೇರಳೆ ಬೆರೆತಂತೆ. ಮೇಲಿನ ಚರ್ಮ ನುಣುಪಾಗಿ ಹೊಳೆಯುತ್ತದೆ. ಬಿರಿದಿಲ್ಲ, ಹೊಟ್ಟು ಏಳುತ್ತಿಲ್ಲ. ಬೆರಳಿನಿಂದ ಒತ್ತಿದರೆ ಗಟ್ಟಿ, ಆದರೆ ನೋವಿಲ್ಲ, ತುರಿಕೆಯಿಲ್ಲ. ಕಳೆದ ತಿಂಗಳು ಇದು ಅಲ್ಲಿರಲಿಲ್ಲ. ಮನೆಯವರು ಹುಳ ಕಚ್ಚಿರಬೇಕು ಅನ್ನುತ್ತಾರೆ. ವೈದ್ಯರು ಸಿಸ್ಟ್ (ಚರ್ಮದಡಿಯ ನಿರುಪದ್ರವಿ ಚೀಲ) ಇರಬಹುದು, ಸ್ವಲ್ಪ ದಿನ ನೋಡೋಣ ಅನ್ನುತ್ತಾರೆ. ಹಾಗೆ ನೋಡುತ್ತಾ ಕೂತ ಆರು ವಾರದಲ್ಲಿ ಅದು ಎರಡು ಪಟ್ಟಾಗಿರುತ್ತದೆ, ಕೆಲವರಲ್ಲಿ ಕತ್ತಿನ ಗ್ರಂಥಿಗೂ ಇಳಿದಿರುತ್ತದೆ.

ಮರ್ಕೆಲ್ ಸೆಲ್ ಕಾರ್ಸಿನೋಮಾ ಎಂಬ ಅಪರೂಪದ ಚರ್ಮದ ಕ್ಯಾನ್ಸರ್ ಸಾಮಾನ್ಯವಾಗಿ ಶುರುವಾಗುವುದು ಹೀಗೆ. ವೈದ್ಯರು ಚುಟುಕಾಗಿ ಎಂಸಿಸಿ ಅನ್ನುತ್ತಾರೆ. ಚರ್ಮದ ಕ್ಯಾನ್ಸರ್ ಎಂದೊಡನೆ ನೆನಪಾಗುವ ಮೆಲನೋಮಾಕ್ಕಿಂತ ಇದು ಎಷ್ಟೋ ಪಾಲು ವಿರಳ. ಅಮೆರಿಕದಲ್ಲಿ 2013ರ ಲೆಕ್ಕದ ಪ್ರಕಾರ ಲಕ್ಷ ಜನರಿಗೆ ಸುಮಾರು 0.7, ಅಂದರೆ ವರ್ಷಕ್ಕೆ 2,500ರಷ್ಟು ಹೊಸ ರೋಗಿಗಳು. ಬಿಸಿಲು ಜಾಸ್ತಿ ಇರುವ, ಬಿಳಿಚರ್ಮದವರೇ ಹೆಚ್ಚಾಗಿರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಈ ಪ್ರಮಾಣ ಅದರ ಇಮ್ಮಡಿಗಿಂತ ಹೆಚ್ಚು. ಸಂಖ್ಯೆ ಚಿಕ್ಕದು, ಆದರೆ ರೋಗ ಬಂದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಇದರಿಂದಲೇ ಸಾಯುತ್ತಾರೆ. ಗಾಯಕ ಜಿಮ್ಮಿ ಬಫೆಟ್ 2023ರ ಸೆಪ್ಟೆಂಬರಿನಲ್ಲಿ ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಬಹಳ ಜನ ಈ ಹೆಸರನ್ನು ಮೊದಲು ಕೇಳಿದ್ದೂ ಆಗಲೇ.

ಅನುಮಾನ ಪಡಬೇಕಾದದ್ದು ಯಾವಾಗ

2008ರಲ್ಲಿ 195 ರೋಗಿಗಳ ವಿವರ ಕಲೆಹಾಕಿ ಪ್ರಕಟಿಸಿದ ಅಧ್ಯಯನವೊಂದು ಈ ರೋಗದ ಮುಖಚಹರೆಯನ್ನು ಸ್ಪಷ್ಟಪಡಿಸಿತು. ಇಂಗ್ಲಿಷಿನ ಐದು ಸ್ವರಗಳಾದ ಎ, ಇ, ಐ, ಓ, ಯು ಅನ್ನೇ ನೆನಪಿನ ಸೂತ್ರ ಮಾಡಿಕೊಂಡಿದ್ದಾರೆ. ಸೂತ್ರದ ಅರ್ಥ ಇಷ್ಟು: ನೋವಿಲ್ಲದ ಗಂಟು, ಮೂರು ತಿಂಗಳೊಳಗೆ ಎದ್ದುಕಾಣುವಂತೆ ಬೆಳೆದದ್ದು, ರೋಗನಿರೋಧಕ ಶಕ್ತಿ ಕುಗ್ಗಿರುವುದು, ವಯಸ್ಸು ಐವತ್ತು ದಾಟಿರುವುದು, ಬಿಳಿಚರ್ಮದವರಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಎದ್ದಿರುವುದು. ರೋಗಿಗಳಲ್ಲಿ ಶೇ. 89 ಮಂದಿಗೆ ಇವುಗಳಲ್ಲಿ ಮೂರಾದರೂ ಇದ್ದವು. ಅದೇ ಅಧ್ಯಯನದ ಇನ್ನೊಂದು ಅಂಕಿ ಹೆಚ್ಚು ಕಳವಳ ಹುಟ್ಟಿಸುತ್ತದೆ. ಬಯಾಪ್ಸಿ, ಅಂದರೆ ತುಂಡು ತೆಗೆದು ಪರೀಕ್ಷೆ, ಮಾಡುವ ಹೊತ್ತಿಗೂ ಶೇ. 56 ಗಂಟುಗಳನ್ನು ವೈದ್ಯರು ನಿರುಪದ್ರವಿ ಎಂದೇ ಎಣಿಸಿದ್ದರು. ಹೆಚ್ಚಿನವರ ಊಹೆ ಸಿಸ್ಟ್.

ಈ ಸೂತ್ರದಲ್ಲಿ ತೂಕದ ಮಾತು ಒಂದೇ: ನೋವಿಲ್ಲ, ಆದರೆ ಬೇಗ ಬೆಳೆಯುತ್ತಿದೆ. ಕೀವು ತುಂಬಿದ ಗುಳ್ಳೆ ಬೇಗ ಬೆಳೆಯುತ್ತದೆ, ಆದರೆ ನೋಯುತ್ತದೆ. ಕೊಬ್ಬಿನ ಗಂಟು ನೋಯುವುದಿಲ್ಲ, ಆದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಎರಡೂ ಲಕ್ಷಣ ಒಟ್ಟಿಗೆ ಕಂಡರೆ ಕಾಯಬಾರದು, ಬಯಾಪ್ಸಿಗೆ ಕಳಿಸಬೇಕು. ಮುಖ, ಕತ್ತು, ತೋಳು ಇದರ ಮಾಮೂಲು ಜಾಗಗಳು. ಹಾಗೆಂದು ಬಿಸಿಲೇ ಕಾಣದ ಪೃಷ್ಠದಲ್ಲಿ, ತೊಡೆಯಲ್ಲಿ ಬಾರದೆನ್ನುವಂತಿಲ್ಲ. ಕಪ್ಪು, ಕಂದು ಚರ್ಮದವರಲ್ಲಿ ಇನ್ನೂ ವಿರಳ, ಇಲ್ಲವೇ ಇಲ್ಲ ಎಂದಲ್ಲ. ಕೆಲವರಲ್ಲಿ ಚರ್ಮದ ಮೇಲೆ ಏನೂ ಇರದೆ ತೊಡೆಸಂದಿನಲ್ಲೋ ಕಂಕುಳಲ್ಲೋ ಊದಿದ ಗ್ರಂಥಿಯಲ್ಲೇ ರೋಗ ಮೊದಲು ಸಿಗುತ್ತದೆ. ಚರ್ಮದಲ್ಲಿದ್ದ ಮೂಲ ಗಡ್ಡೆಯನ್ನು ದೇಹದ ನಿರೋಧಕ ಶಕ್ತಿಯೇ ಅಳಿಸಿಹಾಕಿರಬಹುದು ಎಂದು ತಜ್ಞರು ಭಾವಿಸುತ್ತಾರೆ. ಇಂಥವರ ಗತಿ ಉಳಿದವರಿಗಿಂತ ಚೆನ್ನಾಗಿರುವುದು ಆ ಊಹೆಗೆ ಪುಷ್ಟಿ ಕೊಡುತ್ತದೆ.

ವೈರಸ್ಸೋ ಬಿಸಿಲೋ

ಜರ್ಮನಿಯ ಅಂಗರಚನಾ ತಜ್ಞ ಫ್ರೀಡ್ರಿಖ್ ಮರ್ಕೆಲ್ 1875ರಲ್ಲಿ ಚರ್ಮದ ಹೊರಪದರದ ತಳದಲ್ಲಿ ಸ್ಪರ್ಶವನ್ನು ಗ್ರಹಿಸುವ ಕೋಶಗಳನ್ನು ವಿವರಿಸಿದ. 1972ರಲ್ಲಿ ಸಿರಿಲ್ ಟೋಕರ್ ಎಂಬ ಪೆಥಾಲಜಿಸ್ಟ್ ಐವರು ರೋಗಿಗಳಲ್ಲಿ ಈ ಕ್ಯಾನ್ಸರನ್ನು ಗುರುತಿಸಿ ಬೇರೆಯೇ ಹೆಸರಿಟ್ಟ. ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮರ್ಕೆಲ್ ಕೋಶಗಳಲ್ಲಿರುವಂಥದ್ದೇ ಕಣಗಳು ಕಂಡದ್ದರಿಂದ ಈಗಿನ ಹೆಸರು ಅಂಟಿಕೊಂಡಿತು. ಈ ಹೆಸರು ನಿಜಕ್ಕೂ ಒಪ್ಪುತ್ತದೆಯೇ ಎಂಬುದು ಅನುಮಾನ. ಮರ್ಕೆಲ್ ಕೋಶಗಳು ವಿಭಜನೆಯಾಗುವುದು ತೀರಾ ಅಪರೂಪ, ಗಡ್ಡೆ ಹೆಚ್ಚಾಗಿ ಬೆಳೆಯುವುದೋ ಅದರ ಕೆಳಗಿನ ಒಳಚರ್ಮದಲ್ಲಿ. ಮೂಲ ಕೋಶ ಯಾವುದೆಂಬ ಚರ್ಚೆ ಇನ್ನೂ ಮುಗಿದಿಲ್ಲ.

2008ರಲ್ಲಿ ಪಿಟ್ಸ್‌ಬರ್ಗಿನ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅವರ ತಂಡ ಹತ್ತು ಗಡ್ಡೆಗಳನ್ನು ಪರೀಕ್ಷಿಸಿ ಎಂಟರಲ್ಲಿ ಅದುವರೆಗೆ ಯಾರೂ ಕಾಣದ ವೈರಸ್ಸೊಂದನ್ನು ಪತ್ತೆಹಚ್ಚಿತು. ಅದೇ ಮರ್ಕೆಲ್ ಸೆಲ್ ಪಾಲಿಯೋಮಾ ವೈರಸ್. ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಬಹುಪಾಲು ಜನರ ಚರ್ಮಕ್ಕೆ ಇದು ಚಿಕ್ಕಂದಿನಲ್ಲೇ ಬಂದು ಸೇರಿ, ಯಾವ ತೊಂದರೆಯನ್ನೂ ಕೊಡದೆ ಉಳಿದಿರುತ್ತದೆ. ರೋಗಿಯ ಜತೆ ಊಟ ಮಾಡಿದರೆ, ಮುಟ್ಟಿದರೆ ಕ್ಯಾನ್ಸರ್ ಅಂಟುವುದಿಲ್ಲ.

ಈ ವೈರಸ್ಸಿನಿಂದ ಕ್ಯಾನ್ಸರ್ ಆಗಬೇಕಾದರೆ ಎರಡು ಅವಘಡ ಒಟ್ಟಿಗೆ ನಡೆಯಬೇಕು. ಒಂದು, ವೈರಸ್ಸಿನ ಡಿಎನ್‌ಎ ತುಂಡಾಗಿ ನಮ್ಮ ಕೋಶದ ಡಿಎನ್‌ಎಯೊಳಗೆ ಸಿಕ್ಕಿಕೊಳ್ಳಬೇಕು. ಇನ್ನೊಂದು, ಅದರ ‘ಲಾರ್ಜ್ ಟಿ’ ಪ್ರೋಟೀನಿನ ಬಾಲ ಕತ್ತರಿಸಿಹೋಗಬೇಕು. ವೈರಸ್ ತನ್ನ ಪ್ರತಿ ತೆಗೆದುಕೊಳ್ಳಲು ಬೇಕಾದದ್ದು ಆ ಬಾಲ. ಅದು ಹೋದರೆ ವೈರಸ್ಸಿಗೆ ಮುಂದಿನ ಪೀಳಿಗೆಯೇ ಇಲ್ಲ. ಉಳಿದ ತಲೆಯ ಭಾಗ ಮಾತ್ರ ಕೋಶ ವಿಭಜನೆಗೆ ಬ್ರೇಕ್ ಹಾಕುವ ಆರ್‌ಬಿ ಎಂಬ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ರೇಕ್ ಹೋದ ಕೋಶ ವಿಭಜಿಸುತ್ತಲೇ ಹೋಗುತ್ತದೆ. ವೈರಸ್ಸಿಗೂ ಲಾಭವಿಲ್ಲ, ಮನುಷ್ಯನಿಗೂ ಇಲ್ಲ, ಬರೀ ಅಪಘಾತ.

ವೈರಸ್ ಇಲ್ಲದ ಗಡ್ಡೆಗಳ ದಾರಿ ಬೇರೆ. ಅಲ್ಲಿ ಹತ್ತಾರು ವರ್ಷದ ಬಿಸಿಲಿನ ಅತಿನೇರಳೆ ಕಿರಣ ಡಿಎನ್‌ಎಯನ್ನು ಹಾಳುಗೆಡವುತ್ತಾ ಬಂದು ಅದೇ ಆರ್‌ಬಿಯನ್ನು, ಜತೆಗೆ ಕ್ಯಾನ್ಸರನ್ನು ತಡೆಯುವ ಇನ್ನೊಂದು ಪ್ರೋಟೀನಾದ ಪಿ53ಯನ್ನು ಮುರಿದಿರುತ್ತದೆ. ಇಂಥ ಗಡ್ಡೆಯಲ್ಲಿ ವೈರಸ್ ಇರುವ ಗಡ್ಡೆಗಿಂತ ಹತ್ತಾರು ಪಟ್ಟು ಹೆಚ್ಚು ಜೀನ್ ಬದಲಾವಣೆಗಳು ಸಿಗುತ್ತವೆ. ಉತ್ತರ ಅಮೆರಿಕ, ಯುರೋಪಿನಲ್ಲಿ ಐದರಲ್ಲಿ ನಾಲ್ಕು ಗಡ್ಡೆ ವೈರಸ್ಸಿನವು; ಆಸ್ಟ್ರೇಲಿಯಾದಲ್ಲಿ ಬಿಸಿಲಿನವೇ ಹೆಚ್ಚು.

ಎರಡು ದಾರಿಗೂ ಸಮಾನವಾದದ್ದು ಒಂದಿದೆ. ವೈರಸ್ಸಿನ ಪ್ರೋಟೀನೂ ದೇಹಕ್ಕೆ ಪರಕೀಯ, ಸಾವಿರಾರು ಬದಲಾವಣೆಯಿಂದ ಹುಟ್ಟಿದ ವಿಕೃತ ಪ್ರೋಟೀನೂ ಪರಕೀಯ. ಹಾಗಾಗಿ ಈ ಗಡ್ಡೆ ನಿರೋಧಕ ಶಕ್ತಿಯ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಆ ಕಣ್ಣು ಮಂಜಾದವರಲ್ಲಿ ರೋಗ ಮೇಲುಗೈ ಪಡೆಯುತ್ತದೆ. ಅಂಗಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು, ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇರುವವರಲ್ಲಿ ಇದು ಹೆಚ್ಚು, ಬಂದರೆ ಕ್ರೂರವೂ ಹೌದು. ಮುಂದೆ ಹೇಳಲಿರುವ ಔಷಧಗಳು ಕೆಲಸ ಮಾಡುವುದೂ ಇದೇ ಕಾರಣದಿಂದ.

ಸ್ಲೈಡಿನಲ್ಲಿ ಕಾಣುವುದು

ಸಣ್ಣ ಗಂಟಾದರೆ ಪೂರ್ತಿ ತೆಗೆದು, ದೊಡ್ಡದಾದರೆ ಪಂಚ್ ಬಯಾಪ್ಸಿಯಲ್ಲಿ ಆಳದವರೆಗೆ ತುಂಡು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಮೇಲ್ಮೈ ಮಾತ್ರ ಕೆರೆದು ತೆಗೆದರೆ ಕೆಳಗಿನ ಗಡ್ಡೆ ಎಷ್ಟು ಆಳವಿದೆ ಎಂಬುದು ತಿಳಿಯದೇ ಹೋಗುತ್ತದೆ.

ಮಾಮೂಲು ಬಣ್ಣ ಹಾಕಿ ನೋಡಿದಾಗ ಸಿಗುವುದು ಒತ್ತೊತ್ತಾಗಿ ತುಂಬಿದ ಪುಟ್ಟ ನೀಲಿ ದುಂಡು ಕೋಶಗಳು. ತೊಡಕು ಇರುವುದು ಇಲ್ಲಿಯೇ. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಚರ್ಮಕ್ಕೆ ಹರಡಿದರೂ ಇದೇ ನೋಟ, ದುಗ್ಧರಸ ಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾ ಆದರೂ ಇದೇ, ಕೆಲವು ಮೆಲನೋಮಾಗಳೂ ಹೀಗೇ. ಇವುಗಳನ್ನು ಬೇರೆಮಾಡುವುದು ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಅಂದರೆ ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಬಣ್ಣ. ಸಿಕೆ20 ಹಾಕಿದಾಗ ಎಂಸಿಸಿ ಕೋಶಗಳಲ್ಲಿ ನ್ಯೂಕ್ಲಿಯಸ್ಸಿನ ಪಕ್ಕದಲ್ಲಿ ಕಂದು ಚುಕ್ಕೆಯೊಂದು ಮೂಡುತ್ತದೆ, ಹಣೆಯ ಬದಿಗೆ ಸರಿದ ಬೊಟ್ಟಿನ ಹಾಗೆ. ಟಿಟಿಎಫ್-1 ಹಾಕಿದರೆ ಸಾಮಾನ್ಯವಾಗಿ ಏನೂ ಮೂಡುವುದಿಲ್ಲ. ಶ್ವಾಸಕೋಶದ್ದರಲ್ಲಿ ಇದು ಹೆಚ್ಚಾಗಿ ತಿರುವುಮುರುವು. ಸಿನಾಪ್ಟೋಫೈಸಿನ್‌ನಂಥ ನರಸಂಬಂಧಿ ಗುರುತುಗಳು ಎಂಸಿಸಿಯಲ್ಲಿ ಇರುತ್ತವೆ. ಲಿಂಫೋಮಾದ ಸಿಡಿ45, ಮೆಲನೋಮಾದ ಎಸ್100 ಇರುವುದಿಲ್ಲ. ವರದಿ ಕೈಗೆ ಬಂದಾಗ ಕನಿಷ್ಠ ಸಿಕೆ20 ಮತ್ತು ಟಿಟಿಎಫ್-1 ಎರಡರ ಫಲಿತಾಂಶವೂ ಅದರಲ್ಲಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಕೇಳುವುದರಲ್ಲಿ ತಪ್ಪಿಲ್ಲ.

ಕತ್ತಿ ಹಿಡಿಯುವ ಮೊದಲು

ರೋಗ ಪತ್ತೆಯಾದ ಹೊತ್ತಿಗೆ ಸುಮಾರು ಶೇ. 65 ಮಂದಿಯಲ್ಲಿ ಚರ್ಮದಲ್ಲಷ್ಟೇ ಇರುತ್ತದೆ, ಶೇ. 26 ಮಂದಿಯಲ್ಲಿ ದುಗ್ಧರಸ ಗ್ರಂಥಿಗೆ ತಲುಪಿರುತ್ತದೆ, ಶೇ. 8 ಮಂದಿಯಲ್ಲಿ ದೂರದ ಅಂಗಗಳಿಗೆ ಹೋಗಿರುತ್ತದೆ. ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಅಮೆರಿಕದ ದಾಖಲೆಯಲ್ಲಿ ಐದು ವರ್ಷ ಬದುಕಿದವರು ಈ ಮೂರು ಗುಂಪಿನಲ್ಲಿ ಕ್ರಮವಾಗಿ ಶೇ. 51, 35, 14. ಇದನ್ನು ಓದಿ ಎದೆಗುಂದುವ ಮೊದಲು ಎರಡು ಮಾತು. ಈ ಅಂಕಿ ಇಮ್ಯುನೋಥೆರಪಿ, ಅಂದರೆ ನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಔಷಧಗಳು, ಬರುವುದಕ್ಕೆ ಮುಂಚಿನದು. ಜತೆಗೆ ರೋಗಿಗಳಲ್ಲಿ ಬಹುಪಾಲು ಎಪ್ಪತ್ತು ದಾಟಿದವರು. ಹೃದಯಾಘಾತದಿಂದ ಸತ್ತವರೂ ಈ ಲೆಕ್ಕದಲ್ಲಿದ್ದಾರೆ.

ಚರ್ಮದಲ್ಲಷ್ಟೇ ಇದೆ ಎಂದು ಕೈಯಿಂದ ಮುಟ್ಟಿ ಹೇಳಿದ್ದನ್ನು ನಂಬುವಂತಿಲ್ಲ. ಗ್ರಂಥಿ ಊದಿಲ್ಲ ಎನಿಸಿದವರಲ್ಲೂ ಮೂರರಲ್ಲಿ ಒಬ್ಬರಿಗೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ರೋಗ ಅಲ್ಲಿರುತ್ತದೆ. ಆದ್ದರಿಂದ ಮೊದಲು ಪೆಟ್-ಸಿಟಿ ಸ್ಕ್ಯಾನ್. ಅದರಲ್ಲಿ ಗ್ರಂಥಿ ಸ್ವಚ್ಛವಾಗಿದೆ ಎಂದಾದರೆ ಸೆಂಟಿನೆಲ್ ನೋಡ್ ಬಯಾಪ್ಸಿ. ಸೆಂಟಿನೆಲ್ ಎಂದರೆ ಕಾವಲುಗಾರ. ಗಡ್ಡೆಯಿಂದ ಹೊರಟ ದುಗ್ಧರಸ ಮೊದಲು ಮುಟ್ಟುವ ಗ್ರಂಥಿ. ಗಂಟಿನ ಸುತ್ತ ವಿಕಿರಣ ಸೂಸುವ ಟೆಕ್ನೀಷಿಯಂ ದ್ರವವನ್ನೂ ನೀಲಿ ಬಣ್ಣವನ್ನೂ ಚುಚ್ಚುತ್ತಾರೆ. ಅದು ಹರಿದು ಕಾವಲು ಗ್ರಂಥಿಯಲ್ಲಿ ನಿಲ್ಲುತ್ತದೆ. ಸರ್ಜನ್ ಪೆನ್ನಿನಂಥ ಗಾಮಾ ಪ್ರೋಬನ್ನು ಚರ್ಮದ ಮೇಲೆ ಆಡಿಸುತ್ತಾ, ಸದ್ದು ಜೋರಾದಲ್ಲಿ ಕೊಯ್ದು ನೀಲಿಗಟ್ಟಿದ ಗ್ರಂಥಿಯನ್ನು ತೆಗೆಯುತ್ತಾರೆ. ಲ್ಯಾಬಿನಲ್ಲಿ ಅದನ್ನು ತೆಳು ಪದರಗಳಾಗಿ ಸೀಳಿ ಸಿಕೆ20 ಬಣ್ಣ ಹಾಕಲೇಬೇಕು. ಮಾಮೂಲು ಬಣ್ಣದಲ್ಲಿ ನಾಲ್ಕೈದು ಕ್ಯಾನ್ಸರ್ ಕೋಶಗಳು ಗ್ರಂಥಿಯ ಸ್ವಂತ ಕೋಶಗಳ ನಡುವೆ ಕಳೆದುಹೋಗುತ್ತವೆ.

ಅತಿ ದುಬಾರಿಯಾಗುವ ತಪ್ಪು ಆಗುವುದು ಇಲ್ಲಿ. ವರದಿ ಬಂದ ಗಾಬರಿಯಲ್ಲಿ ಗಡ್ಡೆಯನ್ನು ಅಗಲವಾಗಿ ಕೊಯ್ದು, ಪಕ್ಕದ ಚರ್ಮವನ್ನು ಎಳೆದು ಮುಚ್ಚಿ, ಆಮೇಲೆ ಗ್ರಂಥಿಯ ಯೋಚನೆ ಮಾಡುತ್ತಾರೆ. ಅಷ್ಟರಲ್ಲಿ ದುಗ್ಧರಸ ಹರಿಯುವ ಕಾಲುವೆಗಳೇ ಕಡಿದುಹೋಗಿರುತ್ತವೆ. ನೀಲಿ ಬಣ್ಣ ಹೊಸ ದಾರಿ ಹಿಡಿದು ಯಾವುದೋ ಗ್ರಂಥಿಗೆ ಹೋಗಿ ನಿಲ್ಲುತ್ತದೆ, ಅದು ಸ್ವಚ್ಛ ಎಂಬ ವರದಿ ಬರುತ್ತದೆ, ನಿಜವಾದ ಗ್ರಂಥಿಯಲ್ಲಿ ರೋಗ ಬೆಳೆಯುತ್ತಿರುತ್ತದೆ. ಕಾವಲು ಗ್ರಂಥಿಯನ್ನು ಅಗಲ ಕೊಯ್ತಕ್ಕಿಂತ ಮೊದಲು ಅಥವಾ ಅದೇ ಆಪರೇಷನ್ನಿನಲ್ಲಿ ತೆಗೆಯಬೇಕು, ನಂತರ ಅಲ್ಲ. ಗ್ರಂಥಿ ಈಗಾಗಲೇ ಕೈಗೆ ಸಿಗುವಷ್ಟು ಊದಿದ್ದರೆ ಈ ಪರೀಕ್ಷೆಯೇ ಬೇಡ. ನೇರ ಸೂಜಿ ಬಯಾಪ್ಸಿ ಸಾಕು.

ಆಪರೇಷನ್, ಅದರ ಬೆನ್ನಿಗೇ ರೇಡಿಯೇಷನ್

ಗಡ್ಡೆಯ ಸುತ್ತ 1ರಿಂದ 2 ಸೆಂಟಿಮೀಟರ್ ಆರೋಗ್ಯವಂತ ಚರ್ಮ ಸೇರಿಸಿ, ಸ್ನಾಯುವಿನ ಮೇಲಿನ ಪೊರೆಯವರೆಗೆ ತೆಗೆಯುವುದು ವಾಡಿಕೆ. ಕಣ್ಣಿನ ರೆಪ್ಪೆ, ಮೂಗಿನ ಬಳಿ ಅಷ್ಟು ಜಾಗ ಸಿಗುವುದಿಲ್ಲ. ಅಲ್ಲಿ ಅಂಚುಗಳನ್ನು ಪದರ ಪದರವಾಗಿ ಪರೀಕ್ಷಿಸುತ್ತಾ ಹೋಗುವ ಮೋಸ್ ವಿಧಾನ ಉಪಯುಕ್ತ. ಇನ್ನಷ್ಟು ಅಗಲ ಕೊಯ್ದರೆ ಇನ್ನಷ್ಟು ಕ್ಷೇಮ ಎಂಬ ಲೆಕ್ಕ ಈ ರೋಗದಲ್ಲಿ ನಡೆಯುವುದಿಲ್ಲ. ಕ್ಯಾನ್ಸರ್ ಕೋಶಗಳು ಮೂಲ ಗಡ್ಡೆಗೆ ಅಂಟಿಕೊಂಡಿರದೆ, ಸುತ್ತಲಿನ ದುಗ್ಧನಾಳಗಳಲ್ಲಿ ಅಲ್ಲೊಂದು ಇಲ್ಲೊಂದು ಕೂತಿರುತ್ತವೆ. ಅವನ್ನೆಲ್ಲ ಕತ್ತಿಯಿಂದ ಹುಡುಕಿ ತೆಗೆಯಲಾಗದು.

ಆ ಕೆಲಸ ರೇಡಿಯೇಷನ್ನಿನದು, ಎಂಸಿಸಿ ಅದಕ್ಕೆ ಬಗ್ಗುವ ಕ್ಯಾನ್ಸರೂ ಹೌದು. ಅಂಚು ಸ್ವಚ್ಛವಾಗಿ ಬಂದಿದ್ದರೆ 50ರಿಂದ 56 ಗ್ರೇ (ವಿಕಿರಣ ಪ್ರಮಾಣದ ಅಳತೆ), ಅಂಚಿನಲ್ಲಿ ಸೂಕ್ಷ್ಮ ರೋಗ ಉಳಿದಿದ್ದರೆ 56ರಿಂದ 60, ಕಣ್ಣಿಗೆ ಕಾಣುವ ಗಡ್ಡೆ ಇದ್ದರೆ 60ರಿಂದ 66. ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ. ಒಟ್ಟು ಐದರಿಂದ ಏಳು ವಾರ. ಶಕ್ತಿಯುತ ಎಕ್ಸ್-ಕಿರಣದ ಪೂರ್ಣ ಪ್ರಮಾಣ ಚರ್ಮದ ಮೇಲ್ಮೈಯಲ್ಲಿ ಬೀಳದೆ ತುಸು ಆಳದಲ್ಲಿ ಬೀಳುತ್ತದೆ. ಇಲ್ಲಿ ರೋಗ ಇರುವುದೇ ಚರ್ಮದಲ್ಲಿ. ಹಾಗಾಗಿ ಪ್ರತಿ ಸಲವೂ ಗಾಯದ ಮೇಲೆ ಬೋಲಸ್ ಎಂಬ ಮೆತ್ತನೆಯ ಹಾಳೆ ಹೊದಿಸುತ್ತಾರೆ. ಕಿರಣ ಆ ಹಾಳೆಯನ್ನೇ ಚರ್ಮ ಎಂದುಕೊಂಡು ದಾಟಿ, ತನ್ನ ಪೂರ್ಣ ಬಲವನ್ನು ನಿಜವಾದ ಚರ್ಮದ ಮೇಲೆ ಹಾಕುತ್ತದೆ. ಹಾಳೆಗೂ ಚರ್ಮಕ್ಕೂ ನಡುವೆ ಗಾಳಿ ಉಳಿದರೆ ಆ ಜಾಗಕ್ಕೆ ಪ್ರಮಾಣ ಕಡಿಮೆ ಬೀಳುತ್ತದೆ. ಎರಡನೆಯ, ಮೂರನೆಯ ವಾರದಿಂದ ಚರ್ಮ ಕೆಂಪಾಗಿ, ಆಮೇಲೆ ಸುಲಿಯತೊಡಗುತ್ತದೆ. ಕೂದಲಿದ್ದ ಜಾಗ ಬೋಳಾಗುತ್ತದೆ. ಜೊಲ್ಲುಗ್ರಂಥಿ ಹತ್ತಿರವಿದ್ದರೆ ಬಾಯಿ ಒಣಗುತ್ತದೆ.

ಇನ್ನೊಂದು ಎಡವಟ್ಟು ಕಾಯುವುದರದ್ದು. ರೇಡಿಯೇಷನ್ ಆದಷ್ಟು ಬೇಗ, ಗಾಯ ಕೂಡಿದ ಕೂಡಲೇ, ಅಂದರೆ ನಾಲ್ಕರಿಂದ ಆರು ವಾರದೊಳಗೆ ಶುರುವಾಗಬೇಕು. ಅಂದ ಕೆಡಬಾರದೆಂದು ದೊಡ್ಡ ಚರ್ಮಕಸಿ ಮಾಡಿ, ಅದು ಸೋತು, ಗಾಯ ಮೂರು ತಿಂಗಳು ಒಸರುತ್ತಾ ಕೂತರೆ, ಅದರ ಪಕ್ಕದಲ್ಲೇ ಹೊಸ ಗಂಟುಗಳು ಏಳುತ್ತವೆ. ನೇರವಾಗಿ ಹೊಲಿಯಲು ಬರುವಷ್ಟೇ ಕೊಯ್ದು, ಉಳಿದದ್ದನ್ನು ರೇಡಿಯೇಷನ್ನಿಗೆ ಬಿಡುವ ಸರ್ಜನ್ ಈ ರೋಗವನ್ನು ಬಲ್ಲವರು ಎಂದು ತಿಳಿಯಬಹುದು. ಗಡ್ಡೆ 1 ಸೆಂಟಿಮೀಟರಿಗಿಂತ ಚಿಕ್ಕದಿದ್ದು, ಅಂಚೂ ಕಾವಲು ಗ್ರಂಥಿಯೂ ಸ್ವಚ್ಛವಾಗಿದ್ದು, ನಿರೋಧಕ ಶಕ್ತಿ ಚೆನ್ನಾಗಿದ್ದರೆ ಮಾತ್ರ ರೇಡಿಯೇಷನ್ ಬಿಡುವ ಯೋಚನೆ ಮಾಡಬಹುದು.

ಗ್ರಂಥಿಯಲ್ಲಿ ರೋಗ ಸಿಕ್ಕರೆ ಆ ಭಾಗಕ್ಕೆ ರೇಡಿಯೇಷನ್, ಇಲ್ಲವೇ ಗ್ರಂಥಿಗಳನ್ನು ಪೂರ್ತಿ ತೆಗೆಯುವುದು. ಎರಡನ್ನೂ ಮಾಡಿದರೆ ಕೈಯೋ ಕಾಲೋ ನೀರು ತುಂಬಿ ಊದಿಕೊಳ್ಳುವ ತೊಂದರೆ ಹೆಚ್ಚು. ಹಾಗಾಗಿ ಸೂಕ್ಷ್ಮ ರೋಗವಷ್ಟೇ ಇದ್ದರೆ ಒಂದರಲ್ಲೇ ನಿಲ್ಲಿಸಲು ನೋಡುತ್ತಾರೆ.

ಹರಡಿದ ಮೇಲೆ

2017ರವರೆಗೆ ಇದ್ದ ಅಸ್ತ್ರ ಕೀಮೋಥೆರಪಿ: ಕಾರ್ಬೋಪ್ಲಾಟಿನ್ ಅಥವಾ ಸಿಸ್‌ಪ್ಲಾಟಿನ್ ಜತೆ ಎಟೊಪೊಸೈಡ್. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಗಡ್ಡೆ ಕರಗುತ್ತಿತ್ತು, ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ, ಸರಾಸರಿ ಮೂರು ತಿಂಗಳಿಗೆ, ಮತ್ತೆ ಬೆಳೆಯುತ್ತಿತ್ತು. ಜತೆಗೆ ಕೀಮೋ ಬಿಳಿರಕ್ತಕಣಗಳನ್ನು ಇಳಿಸುತ್ತದೆ. ನಿರೋಧಕ ಶಕ್ತಿಯೇ ಮುಖ್ಯ ಎದುರಾಳಿಯಾಗಿರುವ ಕ್ಯಾನ್ಸರಿನಲ್ಲಿ ಇದು ನಮ್ಮದೇ ಪಾಳಯಕ್ಕೆ ಬೆಂಕಿ ಇಟ್ಟಂತೆ.

ಹೊಸ ಔಷಧಗಳು ತಿರುವಿ ಯೋಚಿಸಿದವು. ನಿರೋಧಕ ಶಕ್ತಿಯ ಸೈನಿಕರಾದ ನಮ್ಮ ಟಿ ಕೋಶಗಳ ಮೇಲೆ ಪಿಡಿ-1 ಎಂಬ ಗುಂಡಿ ಇದೆ. ಕ್ಯಾನ್ಸರ್ ಕೋಶ ತನ್ನ ಪಿಡಿ-ಎಲ್1ನಿಂದ ಅದನ್ನು ಒತ್ತಿ, ಮುಂದೆ ಬಂದ ಟಿ ಕೋಶವನ್ನು ನಿಷ್ಕ್ರಿಯಗೊಳಿಸುತ್ತದೆ. ಔಷಧ ಆ ಒತ್ತುವಿಕೆಗೆ ಅಡ್ಡ ನಿಲ್ಲುತ್ತದೆ. ಅವೆಲುಮ್ಯಾಬ್ 2017ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದು ಈ ರೋಗಕ್ಕೆಂದೇ ಬಂದ ಮೊದಲ ಔಷಧವಾಯಿತು. 2018ರ ಡಿಸೆಂಬರಿನಲ್ಲಿ ಪೆಂಬ್ರೊಲಿಜುಮ್ಯಾಬ್, 2023ರ ಮಾರ್ಚಿನಲ್ಲಿ ರೆಟಿಫಾನ್ಲಿಮ್ಯಾಬ್ ಬಂದವು. ಮೂರನ್ನೂ ರಕ್ತನಾಳದ ಮೂಲಕ ಹನಿಸುತ್ತಾರೆ: ಅವೆಲುಮ್ಯಾಬ್ 800 ಮಿಲಿಗ್ರಾಂ ಎರಡು ವಾರಕ್ಕೊಮ್ಮೆ, ಪೆಂಬ್ರೊಲಿಜುಮ್ಯಾಬ್ 200 ಮಿಲಿಗ್ರಾಂ ಮೂರು ವಾರಕ್ಕೊಮ್ಮೆ, ರೆಟಿಫಾನ್ಲಿಮ್ಯಾಬ್ 500 ಮಿಲಿಗ್ರಾಂ ನಾಲ್ಕು ವಾರಕ್ಕೊಮ್ಮೆ. ಅವೆಲುಮ್ಯಾಬ್‌ಗೆ ಚಳಿ, ಜ್ವರ ಬರುವ ಸಂಭವ ಇರುವುದರಿಂದ ಮೊದಲ ನಾಲ್ಕು ಸಲ ಪ್ಯಾರಸಿಟಮಾಲ್ ಮತ್ತು ಅಲರ್ಜಿ ಔಷಧ ಮುಂಚೆಯೇ ಕೊಡುತ್ತಾರೆ.

ಫಲ ಎಷ್ಟು? ಕೀಮೋ ಸೋತ 88 ಮಂದಿಗೆ ಅವೆಲುಮ್ಯಾಬ್ ಕೊಟ್ಟಾಗ ಮೂರರಲ್ಲಿ ಒಬ್ಬರಿಗೆ ಗಡ್ಡೆ ಕುಗ್ಗಿತು. ಮೊದಲ ಚಿಕಿತ್ಸೆಯಾಗಿಯೇ ಪೆಂಬ್ರೊಲಿಜುಮ್ಯಾಬ್ ಪಡೆದ 50 ಮಂದಿಯಲ್ಲಿ ಶೇ. 56ಕ್ಕೆ ಕುಗ್ಗಿತು. ಮೊದಲೇ ಕೊಡುವುದು ಲೇಸು ಎಂಬ ಅಭಿಪ್ರಾಯಕ್ಕೆ ಇದೂ ಒಂದು ಆಧಾರ. ವೈರಸ್ ಇದ್ದ ಗಡ್ಡೆ, ಇಲ್ಲದ ಗಡ್ಡೆ ಎರಡೂ ಬಗ್ಗಿದವು. ಶೇಕಡಾವಾರಿಗಿಂತ ಮುಖ್ಯವಾದದ್ದು ಬಾಳಿಕೆ: ಫಲ ಕಂಡವರಲ್ಲಿ ಬಹಳ ಜನರಿಗೆ ಅದು ವರ್ಷಗಟ್ಟಲೆ ಉಳಿಯಿತು. ಅತ್ತ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇದರಿಂದ ಏನೂ ಆಗುವುದಿಲ್ಲ, ಅವರಿಗೆ ದಾರಿ ಇನ್ನೂ ಕಷ್ಟದ್ದೇ. ನೋಯಿಸುವ ಒಂದೆರಡು ಗಡ್ಡೆಗೆ ಒಂದೇ ಸಲ 8 ಗ್ರೇ ರೇಡಿಯೇಷನ್ ಕೊಟ್ಟು ಕುಗ್ಗಿಸುವ ಸರಳ ಉಪಾಯ ಇಂಥಲ್ಲಿ ಕೈಹಿಡಿಯುತ್ತದೆ.

ಬ್ರೇಕ್ ತೆಗೆದ ಟಿ ಕೋಶ ಗಡ್ಡೆಯನ್ನಷ್ಟೇ ಕಚ್ಚುತ್ತದೆ ಎಂಬ ಭರವಸೆ ಇಲ್ಲ. ಕರುಳಿನ ಮೇಲೆ ಬಿದ್ದರೆ ಭೇದಿ, ಶ್ವಾಸಕೋಶದ ಮೇಲೆ ಬಿದ್ದರೆ ಒಣಕೆಮ್ಮು ಮತ್ತು ಏದುಸಿರು, ಥೈರಾಯ್ಡ್ ಅಥವಾ ಅಡ್ರಿನಲ್ ಮೇಲೆ ಬಿದ್ದರೆ ಹಾಸಿಗೆಯಿಂದ ಏಳಲಾಗದ ಸುಸ್ತು. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ ಏನೋ ತಿಂದದ್ದು ಆಗಿಬಂದಿಲ್ಲ ಎಂದು ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಫೋನ್ ಮಾಡಬೇಕು. ತೊಂದರೆ ತೀವ್ರವಾಗಿದ್ದರೆ ದೇಹತೂಕದ ಕಿಲೋಗೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟು, ನಾಲ್ಕಾರು ವಾರದಲ್ಲಿ ನಿಧಾನಕ್ಕೆ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ತೊಂದರೆ ಮರುಕಳಿಸುತ್ತದೆ. ಕಿಡ್ನಿ ಕಸಿಯಾದವರಲ್ಲಿ ಈ ಔಷಧ ಕಸಿಯನ್ನೇ ತಿರಸ್ಕರಿಸುವಂತೆ ಮಾಡಬಹುದು. ಕಿಡ್ನಿ ಹೋದರೆ ಡಯಾಲಿಸಿಸ್ ಇದೆ ಎಂದು ತಿಳಿದೇ ಒಪ್ಪುವವರಿದ್ದಾರೆ, ಹೃದಯ ಕಸಿಯಾದವರಿಗೆ ಆ ಅವಕಾಶವಿಲ್ಲ.

ಮೂರು ವರ್ಷದ ಕಾವಲು

ಸುಮಾರು ಶೇ. 40 ಮಂದಿಯಲ್ಲಿ ರೋಗ ಮರಳುತ್ತದೆ, ಮರಳುವುದಾದರೆ ಹೆಚ್ಚಿನಂಶ ಮೊದಲ ಮೂರು ವರ್ಷದೊಳಗೇ. ಈ ಅವಧಿಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಇಡೀ ಚರ್ಮವನ್ನೂ ಗ್ರಂಥಿಗಳನ್ನೂ ನೋಡಿಸಬೇಕು, ಅಪಾಯ ಹೆಚ್ಚಿರುವವರಿಗೆ ಸ್ಕ್ಯಾನೂ ಬೇಕು. ಮನೆಯಲ್ಲಿ ಗಾಯದ ಕಲೆಯ ಸುತ್ತ, ಅಲ್ಲಿಂದ ಹತ್ತಿರದ ಗ್ರಂಥಿಯವರೆಗಿನ ಚರ್ಮದ ಮೇಲೆ ತಿಂಗಳಿಗೊಮ್ಮೆ ಬೆರಳಾಡಿಸಿ ನೋಡಿ. ಮರಳಿ ಬರುವ ಗಂಟು ಬಣ್ಣವಿಲ್ಲದೆ, ಚರ್ಮದಡಿಯಲ್ಲಿ ಸಿಕ್ಕಿಕೊಂಡ ಮಣಿಯಂತೆ ಕೈಗೆ ಸಿಗಬಹುದು.

ವೈರಸ್ಸಿನ ಗಡ್ಡೆ ಇದ್ದವರಿಗೆ ರಕ್ತಪರೀಕ್ಷೆಯೊಂದಿದೆ. ವೈರಸ್ಸಿನ ‘ಸ್ಮಾಲ್ ಟಿ’ ಪ್ರೋಟೀನಿನ ವಿರುದ್ಧದ ಪ್ರತಿಕಾಯ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಸಿಗುತ್ತದೆ. ಗಡ್ಡೆ ಹೋದ ಮೇಲೆ ಅದರ ಮಟ್ಟ ಇಳಿಯುತ್ತಾ ಬರುತ್ತದೆ. ಇಳಿದದ್ದು ಮತ್ತೆ ಏರಿದರೆ, ಕೈಗೆ ಏನೂ ಸಿಗದಿದ್ದರೂ ಸ್ಕ್ಯಾನ್ ಮಾಡಿಸುತ್ತಾರೆ. ಒಂದು ಷರತ್ತು ಮಾತ್ರ ಉಂಟು: ಮೊದಲ ಮಟ್ಟವನ್ನು ಚಿಕಿತ್ಸೆ ಶುರುವಾಗುವ ಹೊತ್ತಿಗೆ, ತಡವೆಂದರೆ ಮೂರು ತಿಂಗಳೊಳಗೆ, ಅಳೆದಿಟ್ಟಿರಬೇಕು. ವರ್ಷ ಕಳೆದ ಮೇಲೆ ಮೊದಲ ಸಲ ಪರೀಕ್ಷಿಸಿ ‘ಇಲ್ಲ’ ಎಂದು ಬಂದರೆ, ಅದು ಮೊದಲಿನಿಂದ ಇರಲೇ ಇಲ್ಲವೋ, ಇದ್ದು ಇಳಿದುಹೋಯಿತೋ ಹೇಳಲು ಬರುವುದಿಲ್ಲ.